ಹತ್ತು ಹಳ್ಳಿಗೆ ತೊಗರಿ ಯೋಜನೆ ಬರೆದಿದ್ದೇವೆ, ರೈತರೂ ಮಿಲ್‌ನವರೂ ಜೊತೆಗೆ ಬರುವಂತೆ ಮಾಡೋದು ಹೇಗೆ?

ಆಳಂದ ಹುಡುಗ

ಎಲ್ಲರಿಗೂ ಶರಣು. ನಾವು ಆಳಂದ ತಾಲ್ಲೂಕಿನ ಆರು ಜನ ಗೆಳೆಯರು. ಹತ್ತು ಹಳ್ಳಿ ಸೇರಿಸಿ ಒಂದು ಯೋಜನೆ ಬರೆದಿದ್ದೇವೆ. ತೊಗರಿ ಒಂದೇ ಕಡೆ ತಂದು, ಜರಡಿ ಹಿಡಿದು, ತೇವಾಂಶ ನೋಡಿ, ದರ್ಜೆ ಮಾಡಿ ಮಾರುವುದು. ಜೊತೆಗೆ ಒಂದು ಗೋದಾಮು, ಒಂದು ಸಣ್ಣ ದಾಲ್ ಮಿಲ್. ನಮ್ಮ ತೊಗರಿಗೆ 2019ರಲ್ಲೇ ಜಿಐ ಟ್ಯಾಗ್ (ಈ ಊರಿನ ಬೆಳೆ ಅನ್ನುವ ಅಧಿಕೃತ ಗುರುತು) ಬಂತು. ಆದರೆ ಗಂಜ್‌ನಲ್ಲಿ (ಎಪಿಎಂಸಿ ಮಾರುಕಟ್ಟೆಯಲ್ಲಿ) ಅಪ್ಪನ ಕೈಗೆ ಕೊಡುವ ಪಟ್ಟಿಯಲ್ಲಿ ಆ ಹೆಸರಿಗೆ ಅಂತ ಒಂದು ರೂಪಾಯಿ ಜಾಸ್ತಿ ಬಂದಿದ್ದು ನಾನು ನೋಡಿಲ್ಲ.

ಹೋದ ತಿಂಗಳು ಕಲಬುರಗಿಯಲ್ಲಿ ಸಭೆ ಕರೆದೆವು. 80 ಕುರ್ಚಿ ಹಾಕಿಸಿದ್ದೆವು, ಬಂದವರು 14 ಜನ. ಮಿಲ್ ಮಾಲೀಕರು ಫೋನಿನಲ್ಲೇ 'ನೋಡೋಣ' ಅಂದರು. ಒಬ್ಬ ಹಿರಿಯ ರೈತರು ಎದ್ದು ನಿಂತು, 'ತಮ್ಮಾ, ನನ್ನ ಚೀಲಕ್ಕ ಎಷ್ಟು ಜಾಸ್ತಿ ಸಿಗ್ತದ?' ಅಂತ ಕೇಳಿದರು. ನಮ್ಮ 62 ಪುಟದಲ್ಲಿ ಎಲ್ಲಾ ಇತ್ತು, ಅದಕ್ಕೆ ಉತ್ತರ ಇರಲಿಲ್ಲ. ಅವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಯಾರಿಂದ ಶುರು ಮಾಡಬೇಕು?

ಕಪನೂರ ಮಿಲ್

ನಮ್ಮದು ಸಣ್ಣ ದಾಲ್ ಮಿಲ್, ಅಪ್ಪ ಹಾಕಿದ್ದು. ನಾವು ಯಾಕೆ ಬರಲ್ಲ ಅಂತ ಬಿಚ್ಚಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಇಂಥ ಸಭೆಗೆ ಕರೆದವರು ಕೊನೆಗೆ ಕೇಳುವುದು ಚಂದಾ. ನಮಗೆ ಬೇಕಾಗಿರುವುದು ಒಂದೇ ಥರದ ಮಾಲು. ಒಂದು ಚೀಲದಲ್ಲಿ ಕಾಳು ದಪ್ಪ, ಇನ್ನೊಂದರಲ್ಲಿ ಸಣ್ಣದು, ಮತ್ತೊಂದರಲ್ಲಿ ಇನ್ನೂ ಹಸಿ. ಎಣ್ಣೆ ಹಚ್ಚಿ, ನೀರು ಹೊಡೆದು ಬಿಸಿಲಿಗೆ ಹರವಿದಾಗ ಎಲ್ಲಾ ಒಟ್ಟಿಗೆ ಒಣಗಲ್ಲ, ಸಿಪ್ಪೆ ಬಿಡಲ್ಲ, ಇನ್ನೊಂದು ಸಲ ಹಾಕಿದರೆ ಬೇಳೆ ಒಡೆದು ನುಚ್ಚಾಗುತ್ತದೆ. ನುಚ್ಚಿಗೆ ಬೇಳೆಯ ರೇಟು ಯಾರು ಕೊಡ್ತಾರೆ? ನೀವು ದರ್ಜೆ ಮಾಡಿದ ಮಾಲು ಕೊಟ್ಟರೆ ನನಗೆ ಉಳಿಯುವುದು ಅಲ್ಲೇ. ಆ ಉಳಿದದ್ದರಲ್ಲಿ ರೈತರಿಗೆ ಪಾಲು ಕೊಡಬಹುದು, ನಿಮ್ಮ ಹಿರಿಯರಿಗೆ ಉತ್ತರವೂ ಅದರಲ್ಲೇ ಇದೆ.

ವರ್ಷಕ್ಕೆ ಇಷ್ಟೇ ದರ ಅಂತ ಮಾತ್ರ ಬರೆಸಿಕೊಳ್ಳಬೇಡಿ. 2021ರಲ್ಲಿ ಹೊರದೇಶದ ತೊಗರಿಗೆ ಬಾಗಿಲು ತೆರೆದರು. ಮೊಜಾಂಬಿಕ್, ಮ್ಯಾನ್ಮಾರ್ ಮಾಲು ಬಂದಿಳಿದರೆ ಇಲ್ಲಿನ ಹರಾಜು ಅಲ್ಲಾಡುತ್ತದೆ. 'ಅವತ್ತಿನ ಗಂಜ್ ದರದ ಮೇಲೆ ಇಷ್ಟು' ಅಂತ ಕೇಳಿದರೆ ನಾನೇ ಸಹಿ ಹಾಕುತ್ತೇನೆ.

ನಿಮ್ಮ ಯೋಜನೆಯಲ್ಲಿ ಮಿಲ್ ಬೇರೆ ಇದೆ. ನಮ್ಮ ಹೊಟ್ಟೆ ಮೇಲೆ ಬರುವುದಕ್ಕೆ ನಮ್ಮದೇ ಬೆಂಬಲ ಕೇಳಿದ ಹಾಗಾಯ್ತು, ಅಲ್ವಾ? ಸದ್ಯಕ್ಕೆ ಅದನ್ನು ಬಿಡಿ. ಇಲ್ಲಿರುವ ಮಿಲ್‌ಗಳೇ ಎಷ್ಟೋ ತಿಂಗಳು ಮಾಲಿಲ್ಲದೆ ಸುಮ್ನೆ ನಿಂತಿರುತ್ತವೆ.

ಜೇವರ್ಗಿ ಕಾಕಾ

ತಮ್ಮಾ, ಮೊದಲು ಕಲಬುರಗಿಯಲ್ಲಿ ಸಭೆ ಮಾಡುವುದು ಬಿಡು. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು, ನಿನ್ನ ಮಾತು ಕೇಳೋಕೆ ಯಾರು ಬರ್ತಾರೆ? ಊರಿನ ಕಟ್ಟೆಗೆ ಬಾ. ರಾಶಿ (ಒಕ್ಕಣೆ) ನಡೆಯುವಾಗ ಬರಬೇಡ. ಎಳ್ಳ ಅಮಾವಾಸ್ಯೆಗೆ ನಾವೆಲ್ಲಾ ಹೊಲದಲ್ಲೇ ಇರುತ್ತೇವೆ, ಬಂದವರಿಗೆಲ್ಲಾ ಭಜ್ಜಿ, ರೊಟ್ಟಿ, ಕಡುಬು ಬಡಿಸುತ್ತೇವೆ. ಅವತ್ತು ಬಾ, ಊಟ ಮಾಡು, ಮಾತಾಡು.

ನಮ್ಮ ಜನ ಯಾಕೆ ನಂಬಲ್ಲ ಅಂತ ಗೊತ್ತಿರಲಿ. ನಮ್ಮ ಬೀಗರ ಊರಿನಲ್ಲಿ ಕಾರ್ಖಾನೆ ಬರುತ್ತದೆ, ಮನೆಗೊಂದು ನೌಕರಿ ಅಂತ ಹೇಳಿ ಭೂಮಿ ತೆಗೆದುಕೊಂಡರು. ಭೂಮಿ ಹೋಯ್ತು, ಆ ಮನೆಯ ಹುಡುಗರು ಈಗ ಪುಣೆಯಲ್ಲಿ ಗಾರೆ ಕೆಲಸ ಮಾಡ್ತಾರೆ. 2022ರಲ್ಲಿ ನೆಟೆ ರೋಗ ಬಂದಾಗ ನನ್ನ ಹೊಲದಲ್ಲಿ ಕಾಯಿ ಕಟ್ಟಿದ ಗಿಡ ನಿಂತಲ್ಲೇ ಒಣಗಿದವು. ಬುಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ. ಆ ವರ್ಷ ಬೀಜ, ಗೊಬ್ಬರದ ಸಾಲ ಕೊಟ್ಟು ಕಾಪಾಡಿದ್ದು ಕಮಿಷನ್ ಮೇಲೆ ಮಾಲು ಮಾರಿಸುವ ಅಡತಿ ಅಂಗಡಿಯವರು. ಹಾಗಿರುವಾಗ ರಾಶಿ ಆದ ಮರುದಿನ ಮಾಲು ಅವರ ಅಂಗಡಿಗೇ ಹೋಗಬೇಕು. ನಿನ್ನ ಗೋದಾಮಿಗೆ ಹೇಗೆ ತರಲಿ? ಚೀಲ ಇಳಿಸಿದ ದಿನವೇ ಸ್ವಲ್ಪ ದುಡ್ಡು ಕೈಗೆ ಬರಬೇಕು. ನೋಂದಣಿ ಆದ ಗೋದಾಮಿನ ರಸೀದಿ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ಮೊದಲು ಆ ಬ್ಯಾಂಕಿಗೆ ಹೋಗಿ ಮಾತಾಡು. ಅಡತಿಯವರನ್ನೂ ಬಿಡಬೇಡ. ಅವರನ್ನು ಹೊರಗಿಟ್ಟರೆ ಎರಡೇ ದಿನದಲ್ಲಿ ಊರೆಲ್ಲಾ ನಿನ್ನ ವಿರುದ್ಧ ಸುದ್ದಿ ಹಬ್ಬುತ್ತದೆ.

ನಿವೃತ್ತ ಗುಮಾಸ್ತ, ಯಾದಗಿರಿ

ಸರ್ಕಾರದ ಕಡೆಯ ದಾರಿ ಹೇಳುತ್ತೇನೆ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಅಂತ ಹೇಳಿದ 39 ತಾಲ್ಲೂಕಿನಲ್ಲಿ 21 ಕಲಬುರಗಿ ವಿಭಾಗದವೇ. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಬಂತು, ಅನುದಾನವೂ ಬರುತ್ತಿದೆ. ಆದರೆ ನೀವು ನೇರವಾಗಿ ಮಂಡಳಿಗೆ ಅರ್ಜಿ ಹಿಡಿದು ಹೋಗಬೇಡಿ. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆ ಶುರುವಾಗುತ್ತವೆ. ಹತ್ತೂ ಹಳ್ಳಿಯ ಗ್ರಾಮಸಭೆಯಲ್ಲಿ ಇದು ಠರಾವು ಆಗಲಿ. ಅದನ್ನು ಹಿಡಿದು ಶಾಸಕರ ಹತ್ತಿರ, ಜಿಲ್ಲಾ ಪಂಚಾಯಿತಿ ಹತ್ತಿರ ಹೋಗಿ. ಹತ್ತು ಊರಿನ ಸಹಿ ಇದ್ದರೆ ಕೇಳುವ ರೀತಿಯೇ ಬೇರೆ.

ಒಂದು ಎಚ್ಚರ. ಕಟ್ಟಡಕ್ಕೆ ಹಣ ಸಿಗುತ್ತದೆ, ನಡೆಸುವುದಕ್ಕೆ ಸಿಗುವುದು ಕಷ್ಟ. ಉದ್ಘಾಟನೆ ಆಗಿ ಬೀಗ ಹಾಕಿದ ಗೋದಾಮು ನನ್ನ ಸೇವೆಯಲ್ಲಿ ಸಾಕಷ್ಟು ನೋಡಿದ್ದೇನೆ. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ತೂಕ ಯಾರು ಮಾಡುತ್ತಾರೆ, ಅವರ ಸಂಬಳ ಎಲ್ಲಿಂದ, ಇಷ್ಟನ್ನು ಮೊದಲ ಪುಟದಲ್ಲೇ ಬರೆಯಿರಿ.

ರೊಟ್ಟಿ ಅಕ್ಕ

ತಮ್ಮಾ, ಆ 80 ಕುರ್ಚಿಯಲ್ಲಿ ಹೆಂಗಸರಿಗೆ ಎಷ್ಟು ಇಟ್ಟಿದ್ದೆ? ತೊಗರಿಯನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸುವವರು ನಾವೇ. ನಮ್ಮ ಸಂಘದವರು ಜೋಳದ ರೊಟ್ಟಿ ಮಾಡಿ ಮಾರುತ್ತೇವೆ. ಕಲಬುರಗಿ ರೊಟ್ಟಿ ಅಂತ ಹೆಸರು ಹಾಕಿ ಮಾರುವುದಕ್ಕೆ ಶುರುವಾದ ಮೇಲೆ ದೂರದೂರಿಂದ ಆರ್ಡರ್ ಬರುತ್ತವೆ. ನಾವು ಮೊದಲು ಗಿರಾಕಿ ಹುಡುಕಿದೆವು, ಮಷಿನ್ ಆಮೇಲೆ ತಂದೆವು. ಗೋದಾಮು ಕಟ್ಟುವ ತನಕ ಯಾಕೆ ಕಾಯ್ತೀ? ಈ ರಾಶಿಗೆ ನಮ್ಮೂರ ಸಮುದಾಯ ಭವನದಲ್ಲೇ ದರ್ಜೆ ಮಾಡಿ ಕೊಡುತ್ತೇವೆ. ಚೀಲಕ್ಕೆ ಇಷ್ಟು ಅಂತ ಕೂಲಿ ಮೊದಲೇ ಮಾತಾಡು.

ಆಳಂದ ಹುಡುಗ

ಎಲ್ಲರಿಗೂ ಕೈಮುಗಿದೆ. ರಾತ್ರಿ ಆರೂ ಜನ ಕೂತು ಓದಿದೆವು. ದಾಲ್ ಮಿಲ್ ಭಾಗ ತೆಗೆದು ಹಾಕಿದ್ದೇವೆ. ಹತ್ತು ಹಳ್ಳಿ ಬದಲು ಈ ರಾಶಿಗೆ ಎರಡೇ ಹಳ್ಳಿ, 100 ಕ್ವಿಂಟಲ್. ಅಕ್ಕಾ, ಭಾನುವಾರ ನಿಮ್ಮೂರಿಗೆ ಬರುತ್ತೇನೆ, ಕೂಲಿ ಅಲ್ಲೇ ಮಾತಾಡೋಣ. ಕಪನೂರ ಅಣ್ಣಾ, ಗಂಜ್ ದರದ ಮೇಲೆ ಕ್ವಿಂಟಲ್‌ಗೆ ಎಷ್ಟು ಕೊಡಬಹುದು ಅಂತ ಒಂದು ಅಂಕಿ ಬರೆದು ಕೊಡಿ. ಅದನ್ನು ತೆಗೆದುಕೊಂಡು ಮೊದಲು ಆ ಹಿರಿಯರ ಮನೆಗೇ ಹೋಗಬೇಕು ಅಂತ ಇದ್ದೇನೆ.