ಸ್ಟೇನ್‌ಲೆಸ್ ವೆಲ್ಡ್: ಎಕೋ ತೋರಿಸಿದ್ದು ಒಂದು ಕಡೆ, ಬಿರುಕು ಇದ್ದದ್ದು ಇನ್ನೊಂದು ಕಡೆ

ಪೀಣ್ಯ ಯುಟಿ: ಹೋದ ವಾರ ಪೀಣ್ಯದ ಒಂದು ಶೆಡ್‌ನಲ್ಲಿ 25 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಪೈಪಿನ ವೆಲ್ಡನ್ನು ಯುಟಿಯಲ್ಲಿ, ಅಂದರೆ ಅಲ್ಟ್ರಾಸೌಂಡ್ ಅಲೆ ಕಳಿಸಿ, ಚೆಕ್ ಮಾಡಿದೆ. ಶಿಯರ್ ಪ್ರೋಬ್ (ಸಾಗುವ ದಿಕ್ಕಿಗೆ ಅಡ್ಡವಾಗಿ ಅಲುಗುವ ಅಲೆ ಕಳಿಸುವ ಸಾಧನ) ಇಟ್ಟೆ, ತಳದ ಹತ್ತಿರ ಎಕೋ ಚೆನ್ನಾಗಿಯೇ ಬಂತು. ಚಾಕ್‌ಪೀಸಿನಲ್ಲಿ ಗುರುತು ಹಾಕಿ ಕೊಟ್ಟೆ. ಹುಡುಗರು ಗ್ರೈಂಡ್ ಮಾಡುತ್ತಾ ತಳ ಮುಟ್ಟಿದರೂ ಬಿರುಕಿಲ್ಲ. ಬಿರುಕಿನೊಳಗೆ ಇಳಿಯುವ ಕೆಂಪು ಡೈ ಹಾಕಿದಾಗ ಕೆಂಪು ಗೆರೆ ಎದ್ದಿದ್ದು 6 ಮಿ.ಮೀ. ಪಕ್ಕದಲ್ಲಿ! ಒಳ್ಳೆಯ ವೆಲ್ಡ್ ಸುಮ್ನೆ ಹಾಳಾಯ್ತು. ತಪ್ಪು ಎಲ್ಲಿ?

ಬ್ಲಾಕ್ ಮೊದಲು: ಬ್ಲಾಕ್ ಮೇಲೆ, ಅಂದರೆ ಅಳತೆ ಗೊತ್ತಿರುವ ಲೋಹದ ತುಂಡಿನ ಮೇಲೆ, ಮಾಡಿದ ಕ್ಯಾಲಿಬ್ರೇಷನ್ ಸರಿಯಿಲ್ಲ, ಅಷ್ಟೇ. ಉಕ್ಕಿನಲ್ಲಿ ಲಾಂಜಿಟ್ಯೂಡಿನಲ್ ಅಲೆ (ಸಾಗುವ ದಿಕ್ಕಿಗೇ ಅಲುಗುವುದು) ಸೆಕೆಂಡಿಗೆ ಸುಮಾರು 5,900 ಮೀಟರ್, ಶಿಯರ್ ಅಲೆ ಸುಮಾರು 3,200. ವೇಗ, ಆಂಗಲ್ ಸರಿಯಾಗಿ ಹಾಕಿದರೆ ಜಾಗ ತಪ್ಪಲ್ಲ. 20 ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಹರಳು: ಸರ್, ಮಾಮೂಲಿ ಉಕ್ಕಿಗೆ ಅದು ಸರಿ. ಅದು ತಣಿಯುವಾಗ ಒಳಗಿನ ಹರಳುಗಳು ಒಡೆದು ಸಣ್ಣ ಸಣ್ಣ ಕಣವಾಗುತ್ತವೆ, ದಿಕ್ಕು ಅಂತ ಉಳಿಯಲ್ಲ. 304, 316 ದರ್ಜೆಯ ಸ್ಟೇನ್‌ಲೆಸ್ ವೆಲ್ಡ್ ಹಾಗಲ್ಲ. ಶಾಖ ಹೊರಹೋದ ದಿಕ್ಕಿಗೇ ಹರಳು ಉದ್ದುದ್ದ ಬೆಳೆಯುತ್ತವೆ. ಮೇಲೆ ಇನ್ನೊಂದು ಪಾಸ್ (ವೆಲ್ಡಿನ ಪದರ) ಬಿದ್ದರೂ ಅದೇ ಸಾಲು ಮುಂದುವರಿಯುತ್ತದೆ, ಒತ್ತಾಗಿ ನಿಂತ ಕಬ್ಬಿನ ಜಲ್ಲೆಗಳ ಹಾಗೆ. ಪಾಲಿಶ್ ಮಾಡಿ ಆಸಿಡ್ ಹಚ್ಚಿ ನೋಡಿ, ಬರಿಗಣ್ಣಿಗೇ ಕಾಣುತ್ತದೆ. ಇಲ್ಲಿ ದಿಕ್ಕು ಬದಲಾದರೆ ವೇಗವೂ ಬದಲಾಗುತ್ತದೆ. ಜೊತೆಗೆ, ಅಲೆಯ ಮುಖ ಒಂದು ಕಡೆಗಿದ್ದರೆ ಅದರ ಶಕ್ತಿ ಇನ್ನೊಂದು ಕಡೆಗೆ ಹರಿಯುತ್ತದೆ. ಲೆಕ್ಕ ಹಾಕಿ: ಕಿರಣ 15 ಡಿಗ್ರಿ ವಾಲಿದರೆ 25 ಮಿ.ಮೀ. ಆಳದಲ್ಲಿ ಸುಮಾರು 6.7 ಮಿ.ಮೀ. ಪಕ್ಕ. ಇವರಿಗೆ ಆಗಿದ್ದೂ ಹೆಚ್ಚು ಕಡಿಮೆ ಅಷ್ಟೇ ಅಲ್ವಾ?

ಬ್ಲಾಕ್ ಮೊದಲು: ಹಾಗಾದರೆ ಅದೇ ವೆಲ್ಡಿನಿಂದ ಬ್ಲಾಕ್ ಮಾಡಿಕೊಳ್ಳಿ. ನಾನು ಹೇಳಿದ್ದೂ ಬ್ಲಾಕೇ.

ಹರಳು: ಮಾಡಲೇಬೇಕು. ಆದರೆ ಪೈಪ್ ಮಲಗಿಸಿ ಹಾಕಿದ ವೆಲ್ಡಿಗೂ ನಿಲ್ಲಿಸಿ ಹಾಕಿದ್ದಕ್ಕೂ ಹರಳು ವಾಲುವ ರೀತಿ ಬೇರೆ. ಒಂದೇ ಬ್ಲಾಕ್ ಎಲ್ಲದಕ್ಕೂ ಆಗಲ್ಲ. ಶಿಯರ್ ಪ್ರೋಬ್ ಬಿಟ್ಟು 2 ಮೆಗಾಹರ್ಟ್ಸಿನ ಲಾಂಜಿಟ್ಯೂಡಿನಲ್ ಆಂಗಲ್ ಪ್ರೋಬ್ ಹಿಡಿಯಿರಿ. ಅದು ವಾಲುವುದೂ ಚದುರುವುದೂ ಕಡಿಮೆ. ಅಲೆಯ ಉದ್ದ ಸುಮಾರು 3 ಮಿ.ಮೀ. ಆಗುವುದರಿಂದ ತೀರಾ ಸಣ್ಣ ಬಿರುಕು ಕೈತಪ್ಪಬಹುದು. ಆದರೆ ತಳಕ್ಕೆ ಬಡಿದು ಬಂದ ಎಕೋವನ್ನು ನಂಬಬೇಡಿ. ಬಡಿದಾಗ ಅದರಲ್ಲಿ ಒಂದು ಪಾಲು ಶಿಯರ್ ಆಗಿಬಿಡುತ್ತದೆ.

ಲಾಲ್‌ಬಾಗ್ ಬಂಡೆ: ನಾನು ಭೂವಿಜ್ಞಾನದವಳು, ಬಂಡೆಯಲ್ಲೂ ಅಲೆಗೆ ಹೀಗೇ ಆಗುತ್ತದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಎಂಬ ಪಟ್ಟೆ ಶಿಲೆ, ಅದರ ಪಟ್ಟೆ ನೋಡಿರುತ್ತೀರಿ. ಬಂಡೆಯಲ್ಲಿ ಬಿರುಕುಗಳು ಒಂದೇ ದಿಕ್ಕಿಗೆ ಸಾಲಾಗಿದ್ದರೆ ಆ ಬಿರುಕುಗಳೇ ಬಂಡೆಗೆ ದಿಕ್ಕಿನ ಗುಣ ಕೊಡುತ್ತವೆ. ಶಿಯರ್ ಅಲೆ ಎರಡಾಗಿ ಸೀಳುತ್ತದೆ. ಬಿರುಕಿನ ಉದ್ದಕ್ಕೆ ಅಲುಗುವುದು ಮೊದಲು ತಲುಪುತ್ತದೆ, ಅಡ್ಡಕ್ಕೆ ಅಲುಗುವುದು ತಡ. ಆ ತಡದಿಂದಲೇ ಬಿರುಕು ಎಷ್ಟು ಅಂತ ಅಂದಾಜು ಮಾಡುತ್ತೇವೆ.

ಪೀಣ್ಯ ಯುಟಿ: ಇದು ಗೊತ್ತೇ ಇರಲಿಲ್ಲ ಮೇಡಂ. ಇನ್ನೊಂದು ಕಡೆಯಿಂದ ನೋಡಿದಾಗ ಎಕೋ ತೀರಾ ಸಣ್ಣದಿತ್ತು. ಬಿರುಕೂ ಸಣ್ಣದು ಅಂದುಕೊಂಡೆ.

ಹರಳು: ಅಲ್ಲೇ ಎಡವಟ್ಟಾಗುವುದು. ಆ ಕಡೆಯಿಂದ ಕಿರಣ ಬಿರುಕಿನ ತುದಿಯನ್ನಷ್ಟೇ ಸವರಿರಬಹುದು. ಒತ್ತಡದಲ್ಲಿ ಬಿರುಕಿನ ಎರಡು ಮೈ ಅಂಟಿಕೊಂಡಿದ್ದರೂ ಅಲೆ ದಾಟಿ ಹೋಗುತ್ತದೆ, ಎಕೋ ಕುಗ್ಗುತ್ತದೆ. ಎಕೋ ಎತ್ತರ ನೋಡಿ ಬಿರುಕಿನ ಅಳತೆ ಬರೆಯಬೇಡಿ.

ಬ್ಲಾಕ್ ಮೊದಲು: ಇದನ್ನು ಒಪ್ಪುತ್ತೇನೆ. ಹಾಳಾದ ಆ ವೆಲ್ಡನ್ನು ಗುಜರಿಗೆ ಹಾಕಬೇಡಿ, ಅದರಿಂದಲೇ ಬ್ಲಾಕ್ ಕತ್ತರಿಸಿ.

ಪೀಣ್ಯ ಯುಟಿ: ಎತ್ತಿಟ್ಟಿದ್ದೇನೆ ಸರ್. ತಳದಲ್ಲಿ 2 ಮಿ.ಮೀ. ಸೀಳು ಹಾಕಿಸಿ ಎರಡೂ ಕಡೆಯಿಂದ ನೋಡಿ, ಎಷ್ಟು ವಾಲಿತು ಅಂತ ಇಲ್ಲೇ ಹಾಕುತ್ತೇನೆ.