ಹಳೇ ಲ್ಯಾಪ್‌ಟಾಪ್‌ಗೆ ಅಗ್ಗದ ಎಸ್‌ಎಸ್‌ಡಿ: ಕ್ಲೋನ್ ಮಾಡೋದಾ, ಹೊಸದಾಗಿ ಇನ್‌ಸ್ಟಾಲ್ ಮಾಡೋದಾ?

ಪ್ರಶ್ನೆ

ಲ್ಯಾಪ್‌ಟಾಪ್ 2011ರದ್ದು. ಎರಡನೇ ತಲೆಮಾರಿನ ಕೋರ್ ಐ3, 4 ಜಿಬಿ ಡಿಡಿಆರ್3 ರ‍್ಯಾಮ್, 5400 ಆರ್‌ಪಿಎಂನ 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿದ್ರೆ ಡೆಸ್ಕ್‌ಟಾಪ್ ಬರೋಕೆ ಮೂರು ನಿಮಿಷ. ಅದಾದ ಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸ್ತಾನೇ ಇರುತ್ತೆ, ಸಿಪಿಯು ಮಾತ್ರ 20% ದಾಟಲ್ಲ. 2.5 ಇಂಚಿನ 240 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡೋ ಡ್ರೈವ್), ಇರೋದರಲ್ಲೇ ಕಡಿಮೆ ಬೆಲೆಯದು ಹಾಕೋ ಯೋಚನೆ. ಡಿಸ್ಕ್‌ನಲ್ಲಿ 170 ಜಿಬಿ ತುಂಬಿದೆ.

ಇಷ್ಟು ಹಳೇ ಬೋರ್ಡ್‌ನಲ್ಲಿ ಎಸ್‌ಎಸ್‌ಡಿಯ ವೇಗ ಸಿಗುತ್ತಾ? ಡಿರ‍್ಯಾಮ್ (ಯಾವ ಡೇಟಾ ಎಲ್ಲಿದೆ ಅನ್ನೋ ಪಟ್ಟಿ ಇಟ್ಟುಕೊಳ್ಳೋ, ಡ್ರೈವ್‌ನೊಳಗಿನ ವೇಗದ ಮೆಮೊರಿ) ಇಲ್ಲದ ಮಾಡೆಲ್ ತಗೊಂಡ್ರೆ ನಷ್ಟವಾ? ಈಗಿರೋ ವಿಂಡೋಸನ್ನು ಹಾಗೇ ಕ್ಲೋನ್ (ಇಡೀ ಡಿಸ್ಕಿನ ಯಥಾವತ್ ನಕಲು) ಮಾಡಬಹುದಾ?

ಉತ್ತರ 1

ಸಿಪಿಯು ಖಾಲಿ ಇದ್ದು ಡಿಸ್ಕ್ 100% ಅಂದರೆ ರೋಗ ಎಲ್ಲಿದೆ ಅಂತ ನೀವೇ ಹೇಳಿಬಿಟ್ಟಿದ್ದೀರಿ. ಎಸ್‌ಎಸ್‌ಡಿ ಹಾಕಿ, ಖಂಡಿತ ಪ್ರಯೋಜನ ಇದೆ.

5400 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು 11 ಮಿಲಿಸೆಕೆಂಡ್ ಬೇಕು. ಬೇಕಾದ ಸೆಕ್ಟರ್ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಐದೂವರೆ. ಹೆಡ್ ಆ ಟ್ರ್ಯಾಕ್‌ಗೆ ಸರಿಯಲು ಇನ್ನೊಂದು ಹನ್ನೆರಡು. ಲೆಕ್ಕ ಹಾಕಿದರೆ ಚೆಲ್ಲಾಪಿಲ್ಲಿಯಾಗಿರುವ ಸಣ್ಣ ಫೈಲುಗಳನ್ನು ಸೆಕೆಂಡಿಗೆ ಅರವತ್ತು ಸಲ ಓದಿದರೆ ಹೆಚ್ಚು. ವಿಂಡೋಸ್ ಏಳುವಾಗ ಓದುವುದೆಲ್ಲ ಇಂಥ ಚೂರುಗಳನ್ನೇ. ಎಷ್ಟೇ ಅಗ್ಗದ ಎಸ್‌ಎಸ್‌ಡಿಯಾದರೂ ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಗಟ್ಟಲೆ ಸಲ ಮಾಡುತ್ತದೆ. ಡಬ್ಬಿಯ ಮೇಲಿನ ಸೆಕೆಂಡಿಗೆ 550 ಎಂಬಿ ಎಂಬುದು ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗಿನ ಸಂಖ್ಯೆ, ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧ ಕಡಿಮೆ. ಎರಡನೇ ತಲೆಮಾರಿನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಎರಡು ಸಾಟಾ ಪೋರ್ಟ್ 6 ಗಿಗಾಬಿಟ್‌ನವು. 3 ಗಿಗಾಬಿಟ್‌ನದೇ ಸಿಕ್ಕಿದರೂ ದೊಡ್ಡ ಫೈಲಿನ ವೇಗ 270ರ ಆಸುಪಾಸಿಗೆ ಇಳಿಯುತ್ತದೆ, ಬೂಟ್ ಆಗುವ ಸಮಯದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಡಿರ‍್ಯಾಮ್ ಇಲ್ಲದ್ದು ನಿಮ್ಮ ಬಳಕೆಗೆ ಸಾಕು. ಆದರೆ ಟಿಎಲ್‌ಸಿಯಾ (ಮೆಮೊರಿಯ ಒಂದು ಕೋಶದಲ್ಲಿ ಮೂರು ಬಿಟ್) ಕ್ಯೂಎಲ್‌ಸಿಯಾ (ನಾಲ್ಕು ಬಿಟ್, ಬರೆಯುವುದು ನಿಧಾನ) ಎಂದು ನೋಡಿಕೊಂಡೇ ತಗೊಳ್ಳಿ. ಅಗ್ಗದ ಡ್ರೈವ್‌ಗಳು ಬರೆಯುವಾಗ ಸ್ವಲ್ಪ ಜಾಗವನ್ನು ವೇಗದ ಎಸ್‌ಎಲ್‌ಸಿ (ಕೋಶಕ್ಕೆ ಒಂದೇ ಬಿಟ್) ಕ್ಯಾಶ್ ಆಗಿ ಬಳಸುತ್ತವೆ. ಅದು ತುಂಬಿದ ಮೇಲೆ ಕ್ಯೂಎಲ್‌ಸಿ ಡ್ರೈವ್‌ನ ಬರೆಯುವ ವೇಗ 100 ಎಂಬಿಗಿಂತ ಕೆಳಗಿಳಿದು ಹಾರ್ಡ್ ಡಿಸ್ಕ್‌ಗಿಂತಲೂ ನಿಧಾನವಾಗಬಹುದು. ಡ್ರೈವ್ ತುಂಬುತ್ತಾ ಹೋದಂತೆ ಆ ಕ್ಯಾಶ್ ಕೂಡ ಕುಗ್ಗುವುದರಿಂದ ಯಾವಾಗಲೂ 15-20% ಖಾಲಿ ಬಿಡಿ. 240 ಜಿಬಿ ಎಂಬುದು ವಿಂಡೋಸ್‌ನಲ್ಲಿ 223 ಎಂದು ಕಾಣುತ್ತದೆ, ನಿಮ್ಮ 170 ಹೋದರೆ ಮಿಕ್ಕಿದ್ದು ಕಷ್ಟಪಟ್ಟು ಸಾಕಾಗುವಷ್ಟು. ಆಗುವುದಾದರೆ 480ಕ್ಕೆ ಹೋಗಿ.

ಆಯುಸ್ಸಿನ ಚಿಂತೆ ಬೇಡ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟೆರಾಬೈಟ್. 80 ಟಿಬಿಡಬ್ಲ್ಯು (ಒಟ್ಟು ಬರೆಯಬಹುದಾದ ಟೆರಾಬೈಟ್) ಖಾತ್ರಿ ಇರುವ ಡ್ರೈವ್‌ಗೆ ಅದು ಹತ್ತು ವರ್ಷ ದಾಟುವ ಲೆಕ್ಕ.

ಕೂರಿಸುವಾಗ: ಹಳೇ ಡಿಸ್ಕ್ 9.5 ಮಿಮೀ ದಪ್ಪ, ಎಸ್‌ಎಸ್‌ಡಿ 7 ಮಿಮೀ. ಹಳೇ ಡಿಸ್ಕಿನ ಬ್ರ್ಯಾಕೆಟ್ ತೆಗೆದು ಅದೇ ಎಂ3 ತಿರುಪುಗಳಿಂದ ಇದಕ್ಕೆ ಹಾಕಿ. ಬ್ರ್ಯಾಕೆಟ್ ಇಲ್ಲದ ಮಾಡೆಲ್ ಆದರೆ 2.5 ಮಿಮೀ ಸ್ಪೇಸರ್ ಅಂಟಿಸಿ. ಇಲ್ಲದಿದ್ದರೆ ಡ್ರೈವ್ ಅಲುಗಾಡಿ ಕನೆಕ್ಟರ್ ಸಡಿಲವಾಗುತ್ತದೆ. ಬ್ಯಾಟರಿ ಮೊದಲು ತೆಗೆಯಿರಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಆಮೇಲೆ ಕೈ ಹಾಕಿ. ಡಿಸ್ಕನ್ನು ಅಡ್ಡಕ್ಕೆ ಜಾರಿಸಿ ಬಿಡಿಸಬೇಕು, ಮೇಲಕ್ಕೆ ಎತ್ತಿದರೆ ಬೋರ್ಡಿನ ಕನೆಕ್ಟರ್ ಮುರಿಯುತ್ತದೆ.

ಉತ್ತರ 2

ಮೇಲಿನದ್ದೆಲ್ಲ ಸರಿ. ಕ್ಲೋನ್ ವಿಷಯಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳೇ ಡಿಸ್ಕಿನ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. 05 (ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್), ಸಿ5 (ಅನುಮಾನದ ಸೆಕ್ಟರ್), ಸಿ6 (ಸರಿಪಡಿಸಲಾಗದ ಸೆಕ್ಟರ್) ಈ ಮೂರರ ರಾ ವ್ಯಾಲ್ಯೂ ಸೊನ್ನೆ ಇರಬೇಕು. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಓದಲಾಗದ ಸೆಕ್ಟರ್‌ಗಳಿವೆ ಎಂದರ್ಥ. ಕ್ಲೋನ್ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಕೆಟ್ಟ ಫೈಲುಗಳೂ ಹೊಸ ಡ್ರೈವ್‌ಗೆ ಬರುತ್ತವೆ.

ಸೊನ್ನೆಯೇ ಇದ್ದರೂ 500ರಿಂದ 240ಕ್ಕೆ ಹೋಗುವಾಗ ಒಂದು ತೊಡಕಿದೆ. ಕ್ಲೋನ್ ಮಾಡುವ ತಂತ್ರಾಂಶ ಕ್ಲೋನ್‌ಜಿಲ್ಲಾ ತನ್ನಷ್ಟಕ್ಕೆ ಚಿಕ್ಕ ಡ್ರೈವ್‌ಗೆ ಬರೆಯಲು ಒಪ್ಪುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿದರೆ ಸಾಕು ಅಂದುಕೊಳ್ಳುತ್ತಾರೆ, ಆದರೆ ರಿಕವರಿ ಪಾರ್ಟಿಷನ್ ಡಿಸ್ಕಿನ ತುತ್ತತುದಿಯಲ್ಲಿ ಕೂತಿದ್ದರೆ ಕುಗ್ಗಿಸಿದ್ದು ವ್ಯರ್ಥ. ಅದನ್ನೂ ಈಚೆಗೆ ಸರಿಸಬೇಕು. ಕುಗ್ಗಿಸಲು ಒಪ್ಪದಿದ್ದರೆ ಪೇಜ್ ಫೈಲ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ), ಹೈಬರ್ನೇಷನ್, ಸಿಸ್ಟಮ್ ರಿಸ್ಟೋರ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ. ಈ ಫೈಲುಗಳು ಜಾಗ ಬಿಟ್ಟು ಕದಲುವುದಿಲ್ಲ. ಯುಎಸ್‌ಬಿ 2.0 ಅಡಾಪ್ಟರ್ ಆದರೆ ಸೆಕೆಂಡಿಗೆ 35 ಎಂಬಿಯಂತೆ 170 ಜಿಬಿಗೆ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ.

ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್) ಸಾಟಾ ಮೋಡ್ ಐಡಿಇ (ಡ್ರೈವ್ ಜೊತೆ ಮಾತಾಡುವ ಹಳೇ ವಿಧಾನ) ಇದ್ದರೆ ಎಎಚ್‌ಸಿಐಗೆ (ಹೊಸ ವಿಧಾನ) ಬದಲಿಸಬೇಕು, ಆದರೆ ನೇರವಾಗಿ ಬದಲಿಸಿದರೆ ನೀಲಿ ಪರದೆ ಬಂದು ‘ಇನಾಕ್ಸೆಸಿಬಲ್ ಬೂಟ್ ಡಿವೈಸ್’ ಎನ್ನುತ್ತದೆ. ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರಿಸ್ಟಾರ್ಟ್ ಆಗುವಾಗ ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ. ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದರೆ ಸಾಕು, ಡ್ರೈವರ್ ಸೇರಿಕೊಳ್ಳುತ್ತದೆ. ಆಮೇಲೆ ಆ ಟಿಕ್ ತೆಗೆಯಿರಿ.

ಎಕ್ಸ್‌ಪಿ ಕಾಲದಲ್ಲಿ ಪಾರ್ಟಿಷನ್ ಮಾಡಿ ಅದರ ಮೇಲೇ ಅಪ್‌ಗ್ರೇಡ್ ಆಗುತ್ತಾ ಬಂದ ಡಿಸ್ಕ್ ಆದರೆ ಅಲೈನ್‌ಮೆಂಟನ್ನೂ (ಪಾರ್ಟಿಷನ್ 4096 ಬೈಟಿನ ಗಡಿಯಲ್ಲೇ ಶುರುವಾಗಿದೆಯೇ ಎಂದು) ನೋಡಿ. ಎಕ್ಸ್‌ಪಿ 63ನೇ ಸೆಕ್ಟರ್‌ನಿಂದ, ಅಂದರೆ 32,256 ಬೈಟ್‌ನಿಂದ ಶುರು ಮಾಡುತ್ತಿತ್ತು. ಅದು 4096ರಿಂದ ಭಾಗವಾಗುವುದಿಲ್ಲ, ಹಾಗಾಗಿ ಒಂದು ಕಡೆ ಬರೆಯುವಲ್ಲಿ ಎಸ್‌ಎಸ್‌ಡಿ ಎರಡು ಕಡೆ ಬರೆಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ನೋಡಿದೆ. 05 ಸೊನ್ನೆ, ಸಿ6 ಸೊನ್ನೆ, ಸಿ5 ಮಾತ್ರ 8. ಇದು ಹೆಚ್ಚಾ? ಡಿವಿಡಿ ಡ್ರೈವ್ ತೆಗೆದು ಕ್ಯಾಡಿಯಲ್ಲಿ (ಆ ಜಾಗಕ್ಕೆ ಡಿಸ್ಕ್ ಕೂರಿಸೋ ಚೌಕಟ್ಟು) ಈ ಡಿಸ್ಕನ್ನೇ ಡೇಟಾಗೆ ಇಟ್ಟುಕೊಳ್ಳಬಹುದಾ?

ಉತ್ತರ 2

512 ಬೈಟಿನ ಎಂಟು ಸೆಕ್ಟರ್ ಸೇರಿದರೆ 4096. ನಿಮ್ಮದು 4ಕೆ ಡಿಸ್ಕ್ (ಭೌತಿಕ ಸೆಕ್ಟರ್ 4096 ಬೈಟಿನದು) ಆಗಿದ್ದರೆ ಕೆಟ್ಟಿರುವುದು ಬಹುಶಃ ಒಂದೇ ಒಂದು ಭೌತಿಕ ಸೆಕ್ಟರ್. ಆ ಜಾಗದಲ್ಲಿ ಮತ್ತೆ ಬರೆದಾಗ ಸಿ5 ಸೊನ್ನೆಗೆ ಇಳಿಯಬಹುದು, ಇಲ್ಲವೇ ಎಣಿಕೆ 05ಕ್ಕೆ ಸೇರಬಹುದು. ಕ್ಲೋನ್ ಬೇಡ. ಈಗಲೇ ಮುಖ್ಯ ಫೈಲುಗಳನ್ನು ಹೊರಗಿನ ಡ್ರೈವ್‌ಗೆ ನಕಲು ಮಾಡಿ, ಎಸ್‌ಎಸ್‌ಡಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಕ್ಯಾಡಿಯಲ್ಲಿ ಇಡಬಹುದು, ಆದರೆ ಬೇರೆಲ್ಲೂ ಪ್ರತಿ ಇಲ್ಲದ ಫೋಟೋಗಳನ್ನು ದಯವಿಟ್ಟು ಅದರಲ್ಲಿ ಇಡಬೇಡಿ.

ಕ್ಯಾಡಿ ತಗೊಳ್ಳುವ ಮೊದಲು ಡಿವಿಡಿ ಡ್ರೈವ್‌ನ ದಪ್ಪ ಅಳೆಯಿರಿ: 12.7 ಮಿಮೀ, 9.5 ಮಿಮೀ ಎರಡೂ ಇವೆ. ಎಸ್‌ಎಸ್‌ಡಿ ಮುಖ್ಯ ಜಾಗದಲ್ಲೇ ಇರಲಿ, ಡಿವಿಡಿ ಕಡೆಯ ಪೋರ್ಟ್ ಎಷ್ಟೋ ಮಾಡೆಲ್‌ಗಳಲ್ಲಿ ನಿಧಾನದ್ದು.

ಉತ್ತರ 3

ಹೊಸ ಇನ್‌ಸ್ಟಾಲ್ ಎಂದಾದ ಮೇಲೆ ಕೆಲವು ಮಾತು. ಇನ್‌ಸ್ಟಾಲ್ ಮಾಡುವಾಗ ಹಳೇ ಡಿಸ್ಕ್ ಯಂತ್ರದಲ್ಲಿ ಇರಲೇಬಾರದು. ಇದ್ದರೆ ಬೂಟ್ ಫೈಲುಗಳು ಅದರ ಮೇಲೆ ಹೋಗಿ ಕೂರಬಹುದು, ಮುಂದೆ ಅದನ್ನು ತೆಗೆದ ದಿನ ಎಸ್‌ಎಸ್‌ಡಿ ಏಳುವುದಿಲ್ಲ. ಬಯೋಸ್‌ನಲ್ಲಿ ಎಎಚ್‌ಸಿಐ ಮೊದಲೇ ಹಾಕಿಡಿ. ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಇಲ್ಲದ ಬಯೋಸ್ ಆದರೆ ರೂಫಸ್ ಎಂಬ ತಂತ್ರಾಂಶದಲ್ಲಿ ಎಂಬಿಆರ್ (ಹಳೇ ಪಾರ್ಟಿಷನ್ ಪದ್ಧತಿ) ಆರಿಸಿ ಪೆನ್ ಡ್ರೈವ್ ಮಾಡಬೇಕು, ಜಿಪಿಟಿ (ಹೊಸ ಪದ್ಧತಿ) ಮಾಡಿದ್ದು ಬೂಟ್ ಆಗುವುದಿಲ್ಲ. ವಿಂಡೋಸ್ 10 ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡ್ ಬದಲಾದರೆ ತೊಂದರೆ ಕೊಡುತ್ತದೆ, ಡಿಸ್ಕ್ ಬದಲಾದರೆ ಅಲ್ಲ. ಕೀ ಕೇಳಿದಾಗ ‘ಕೀ ಇಲ್ಲ’ ಎಂದು ಮುಂದೆ ಹೋಗಿ.

ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಬ್ರೌಸರ್, ಕಡತ, ವಿಡಿಯೋ ಇಷ್ಟೇ ಕೆಲಸ ಇದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕುವುದು ಒಳ್ಳೆಯದು. ಅದರಲ್ಲಿ ಟ್ರಿಮ್ (ಅಳಿಸಿದ ಫೈಲುಗಳ ಜಾಗ ಖಾಲಿ ಎಂದು ಎಸ್‌ಎಸ್‌ಡಿಗೆ ತಿಳಿಸುವುದು) ವಾರಕ್ಕೊಮ್ಮೆ ತಾನಾಗಿಯೇ ನಡೆಯುತ್ತದೆ.

4 ಜಿಬಿ ರ‍್ಯಾಮ್ ಅನ್ನು 8 ಮಾಡಿ. ರ‍್ಯಾಮ್ ಸಾಲದೆ ಪೇಜ್ ಫೈಲ್‌ಗೆ ಸುರಿಯುತ್ತಿದ್ದರೆ ಅಗ್ಗದ ಎಸ್‌ಎಸ್‌ಡಿಯೂ ಬಳಲುತ್ತದೆ. ಬೇಕಾದ್ದು 204 ಪಿನ್‌ನ ಡಿಡಿಆರ್3 ಎಸ್‌ಒ-ಡಿಮ್, 1333 ವೇಗದ್ದು. 1.35 ವೋಲ್ಟಿನ ಡಿಡಿಆರ್3ಎಲ್ ಕೂಡ 1.5 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ.

ಎಲ್ಲ ಆದ ಮೇಲೆ ಒಂದು ವಾರ ಸ್ಮಾರ್ಟ್‌ನ ಸಿ7 ಸಂಖ್ಯೆ (ಡ್ರೈವ್‌ಗೂ ಬೋರ್ಡ್‌ಗೂ ನಡುವೆ ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ) ನೋಡುತ್ತಿರಿ. ಅದು ಏರುತ್ತಿದ್ದರೆ ಸಾಮಾನ್ಯವಾಗಿ ದೋಷ ಎಸ್‌ಎಸ್‌ಡಿಯದಲ್ಲ, ಕನೆಕ್ಟರ್ ಸರಿಯಾಗಿ ಕೂತಿಲ್ಲ. ಬಿಚ್ಚಿ ಮತ್ತೆ ಕೂರಿಸಿ.