ಸಹಾಯ ಬೇಕು: ಅಜ್ಜನ ಎಫ್‌ಸಿ 150 ಪಿಕಪ್‌ಗೆ ವಾಲ್ವ್ ಸೀಟ್ ಕೆಲಸ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಹತ್ತಿರದ ನಮ್ಮ ತೋಟದಲ್ಲಿ ಅಜ್ಜನ ಮಹೀಂದ್ರ ಎಫ್‌ಸಿ 150 ಇದೆ, 1968ರ ನೋಂದಣಿ. ಹತ್ತು ಮಳೆಗಾಲ ಶೆಡ್ಡಿನಲ್ಲೇ ನಿಂತಿತ್ತು. ಹಿಂದಿನ ಹಲಗೆ ಎತ್ತಿದರೆ ಸಂದಿಯಲ್ಲಿ ಇನ್ನೂ ಒಣಗಿದ ಕಾಫಿ ಬೀಜ ಸಿಗುತ್ತೆ. ಕೆಳಗಿನ ತಗಡು ಬೆರಳಿಟ್ಟರೆ ಪುಡಿ. ಚಾಸಿ ಮಾತ್ರ ಗಟ್ಟಿಯಾಗಿದೆ.

ಎಂಜಿನ್ ಹರಿಕೇನ್ ಪೆಟ್ರೋಲ್. ಇನ್ಲೆಟ್ ವಾಲ್ವ್ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕ್‌ನಲ್ಲೇ ಇರುವ ಹಳೇ ವಿನ್ಯಾಸ. ಮೂರನೇ ಸಿಲಿಂಡರ್‌ನಲ್ಲಿ ಕಂಪ್ರೆಷನ್ (ಒಳಗಿನ ಒತ್ತಡ) ಇಲ್ಲ. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ಸೀಟ್, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಅಂಚು, ಸುಟ್ಟು ಹಳ್ಳ ಬಿದ್ದಿರೋದು ಕಾಣಿಸ್ತು. ಡೀಸೆಲ್ ಎಂಜಿನ್ ಕೂರಿಸಿಬಿಡಿ ಅಂತಾರೆ ಎಲ್ಲರೂ. ನನಗೆ ಖಂಡಿತ ಮನಸ್ಸಿಲ್ಲ. ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ಮೇಲಾಗಿ 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು.

ಕುಶಾಲನಗರ, ಮೈಸೂರು ಕಡೆ ಬ್ಲಾಕ್‌ನಲ್ಲೇ ಹೊಸ ಸೀಟ್ ಕೂರಿಸುವ ಲೇತ್‌ನವರು ಗೊತ್ತಿದ್ದರೆ ಹೇಳಿ. ಬ್ರೇಕ್ ಒಂದೇ ಸರ್ಕ್ಯೂಟ್, ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರಕ್ಕೆ ಇಲ್ಲ. ನಮ್ಮ ಇಳಿಜಾರಿನಲ್ಲಿ ಅದೇ ದೊಡ್ಡ ಭಯ. ಬ್ರೇಕನ್ನು ಎರಡು ಸರ್ಕ್ಯೂಟ್ ಮಾಡುವ ಟ್ಯಾಂಡೆಮ್ ಮಾಸ್ಟರ್ ಸಿಲಿಂಡರ್ ಹಾಕಿದವರು ಯಾರಾದರೂ ಇದ್ದೀರಾ? ಯಾವ ಗಾಡಿಯದು ಹೊಂದುತ್ತೆ? ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಅಂಗಳದಲ್ಲಿ ಸ್ಟಾರ್ಟ್ ಆಗಿ ನಿಂತರೆ ಸಾಕು, ಅಜ್ಜಿ ಕಾಯ್ತಿದ್ದಾರೆ.